ಹಿಡಿದಿಟ್ಟ ಕುರ್ಚಿ

ಬೇಸಿಗೆ ಬಂತೆಂದರೆ ಆ ಊರಿನ ನಗರಸಭೆಯ ಕೈ ಧಾರಾಳವಾಗುತ್ತಿತ್ತು. ಉಳಿದ ಕಾಲದಲ್ಲಿ ಬೀದಿದೀಪ ಕೆಟ್ಟರೂ ಕೇಳಿಸದ ಕಿವಿ, ಹಗಲು ಉದ್ದವಾಗುತ್ತಿದ್ದಂತೆ ಹಾಡು ಕೇಳಬೇಕು ಅನ್ನುತ್ತಿತ್ತೋ ಏನೋ. ಭಾನುವಾರ ಉದ್ಯಾನದಲ್ಲಿ ವಾದ್ಯಗೋಷ್ಠಿ, ವಾರದ ನಡುವೆ ಗ್ರಂಥಾಲಯದ ಅಂಗಳದಲ್ಲಿ ಕಥೆ ಓದುವುದು, ಶಾಲೆಯ ಬಿಳಿ ಗೋಡೆಯ ಮೇಲೆ ಹಳೇ ಸಿನಿಮಾ, ಸೇತುವೆಯ ಕಮಾನಿನಡಿ ಗುಂಪುಗಾಯನ, ಎಲ್ಲದಕ್ಕೂ ಪ್ರವೇಶ ಉಚಿತ. ದುಡ್ಡು ಕೇಳುವ ಒಂದೆರಡಕ್ಕೂ ಒಂದು ಲೋಟ ಚಹಾದ ಬೆಲೆ, ಅಷ್ಟೇ.

ಹೊಲಿಗೆ ಅಕ್ಕ ಯಾವುದನ್ನೂ ಬಿಡುತ್ತಿರಲಿಲ್ಲ. ನಾಲ್ಕು ಅಂತಸ್ತಿನ ಹಳೇ ಕಟ್ಟಡದಲ್ಲಿ ಮೆಟ್ಟಿಲ ಕೆಳಗಿನ ಕೋಣೆ ಅವಳದು. ಹೊಸ ಬಟ್ಟೆ ಹೊಲಿಯುವವಳಲ್ಲ. ಸಡಿಲವಾದದ್ದನ್ನು ಬಿಗಿ ಮಾಡಿ, ಬಿಗಿಯಾದದ್ದನ್ನು ಬಿಚ್ಚಿ, ಹಾಳಾದ ಜಿಪ್ಪು ಬದಲಿಸಿ, ಉದ್ದದ ಪ್ಯಾಂಟು ಮಡಿಸಿ ಹೊಲಿದು ಕೊಡುವವಳು. ಮೆಟ್ಟಿಲು ಅವಳ ತಲೆಯ ಮೇಲೆಯೇ ಹಾದುಹೋಗುತ್ತಿದ್ದರಿಂದ ಯಾರು ಹತ್ತಿದರು, ಯಾರು ಇಳಿದರು ಎಂದು ಬಗ್ಗಿಸಿದ ಕತ್ತು ಎತ್ತದೆ ಹೇಳಬಲ್ಲಳು. ಮೂರನೇ ಮಹಡಿಯ ಮೇಷ್ಟ್ರದು ಎಳೆದು ಇಡುವ ಹೆಜ್ಜೆ, ಎದುರು ಮನೆಯ ನರ್ಸಮ್ಮನದು ಎರಡೆರಡು ಮೆಟ್ಟಿಲು ಒಟ್ಟಿಗೆ. ಒಂದು ಹೆಜ್ಜೆ ಮಾತ್ರ ಮೂರು ಬೇಸಿಗೆಗಳಿಂದ ಆ ಮೆಟ್ಟಿಲ ಹತ್ತಿರ ಸುಳಿದಿರಲಿಲ್ಲ. ಚಪ್ಪಲಿ ಪಟಪಟ ಬಡಿದುಕೊಂಡು, ಬಾಗಿಲ ಮುಂದೆ ಒಂದು ಗಳಿಗೆ ನಿಂತು, ಆಮೇಲೆ ಒಳಗೆ ನುಗ್ಗುವ ಹೆಜ್ಜೆ ಅದು. ಅವಳ ತಂಗಿಯದು.

ತಂಗಿಯನ್ನು ಮನೆಯಲ್ಲಿ ಗುಬ್ಬಿ ಅನ್ನುತ್ತಿದ್ದರು. ನದಿಯಾಚೆ ಬ್ರೆಡ್ ಕಾರ್ಖಾನೆಯಲ್ಲಿ ಕೆಲಸ, ಗಂಡ ಬಸ್ಸು ರಿಪೇರಿಯವನು. ಒಂದೇ ಊರು, ನಡುವೆ ಒಂದು ಸೇತುವೆ. ಆದರೆ ಮನಸ್ಸು ಮುರಿದ ಮೇಲೆ ಸೇತುವೆ ಇದ್ದರೇನು, ಬಿಟ್ಟರೇನು.

ಅದು ಮುರಿದದ್ದು ದುಡ್ಡಿಗಲ್ಲ, ಮನೆಗಲ್ಲ. ಪದ್ಯದ ಒಂದು ಸಾಲಿಗೆ. ಹೊರಗಿನವರಿಗೆ ಹೇಳಿದರೆ ನಕ್ಕಾರು. ಆದರೆ ಆ ಮನೆಯಲ್ಲಿ ಅನ್ನಕ್ಕೆ ಕೊರತೆ ಬಿದ್ದ ದಿನವೂ ಪದ್ಯಕ್ಕೆ ಕೊರತೆ ಬಿದ್ದಿರಲಿಲ್ಲ. ಅಪ್ಪ ಗೋದಾಮು ಕಾಯುವವನು. ಸಂಜೆ ಕೆಲಸಕ್ಕೆ ಹೊರಡುವ ಮುಂಚೆ ಕೈಕಾಲು ತೊಳೆದು, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ದೇವರ ಪದ್ಯ ಹೇಳಿಯೇ ಬಾಗಿಲು ದಾಟುವುದು. ಮಕ್ಕಳೂ ಹೇಳಬೇಕು. ಹೇಳುವವರು ತಡವರಿಸಿದರೆ ಕೇಳುವವರು ಮುಂದಿನ ಸಾಲು ಎತ್ತಿ ಕೊಡಬೇಕು. ನಗಬಾರದು, ಗದರಬಾರದು. ಎಡವಿ ಬಿದ್ದ ಮಗುವನ್ನು ಎತ್ತಿದ ಹಾಗೆ ಮೆಲ್ಲಗೆ ಎತ್ತಿ ಕೊಡಬೇಕು. ಗುಬ್ಬಿಗೆ ಧ್ವನಿ ಚೆಂದ, ನೆನಪು ಮೋಸ. ಅಕ್ಕನಿಗೆ ಧ್ವನಿ ಇಲ್ಲ, ನೆನಪು ಕಲ್ಲಿನ ಮೇಲಿನ ಬರಹ. ಹಾಗಾಗಿ ತಂಗಿ ಹೇಳುವುದು, ಅಕ್ಕ ಎತ್ತಿ ಕೊಡುವುದು ಎಂದು ತಾನಾಗಿ ಆಗಿಹೋಗಿತ್ತು.

ಅಪ್ಪನ ಹಿಂದೆ ಅಮ್ಮನೂ ಹೋದ ಮೇಲೆ ಬಂಧುಗಳೆಲ್ಲ ಸೇರಿದ್ದ ದಿನ, ಅಮ್ಮನಿಗೆ ಇಷ್ಟವಾದ ಪದ್ಯ ಹೇಳಲು ಗುಬ್ಬಿ ಎದ್ದು ನಿಂತಳು. 'ಬರುವನೆಂದು ಬಾಗಿಲಲಿ ಕಾದೆ, ಹೊಸ್ತಿಲೇ ಸವೆಯಿತು' ಎನ್ನುವವರೆಗೆ ಹೇಳಿದಳು. ಮುಂದಿನ ಸಾಲು ಬರಲಿಲ್ಲ. ಅಕ್ಕನ ಕಡೆ ನೋಡಿದಳು. ಅಕ್ಕನಿಗೆ ಆ ಸಾಲು ನಾಲಿಗೆ ತುದಿಯಲ್ಲೇ ಇತ್ತು. ಆದರೆ ಗಂಟಲಲ್ಲಿ ಏನೋ ಬಂದು ಕೂತು ಬಾಯಿ ತೆರೆಯಲೇ ಇಲ್ಲ. ತುಂಬಿದ ಮನೆ ಸುಮ್ಮನೆ ಕಾಯಿತು. ಕಡೆಗೆ ಯಾರೋ ಕೆಮ್ಮಿದರು, ಯಾರೋ ಇರಲಿ ಬಿಡಮ್ಮ ಎಂದರು, ಗುಬ್ಬಿ ಕೂತಳು. ಹೊರಡುವಾಗ ಚಪ್ಪಲಿ ಮೆಟ್ಟುತ್ತ, ಅಷ್ಟು ಜನರ ಮುಂದೆ ನನ್ನ ಬೀಳಿಸಿ ನೋಡ್ತಾ ಕೂತೆಯಲ್ಲ ಅಂದಳು. ಅಕ್ಕನ ಗಂಟಲು ಆಗಲೂ ಬಿಟ್ಟಿರಲಿಲ್ಲ. ಆಮೇಲೆ ಬಿಟ್ಟಿತು, ಆದರೆ ಆಮೇಲೆ ಹೇಳಬೇಕಾದ ಮಾತಿಗೆ ದಿನ ಕಳೆದಷ್ಟೂ ಭಾರ ಹೆಚ್ಚು. ಎಷ್ಟೋ ಸಲ ಫೋನು ಕೈಗೆತ್ತಿಕೊಂಡು, ಏನೆಂದು ಶುರು ಮಾಡಲಿ ಎಂದು ಯೋಚಿಸುತ್ತಲೇ ಕೆಳಗಿಟ್ಟಿದ್ದಳು.

ಫೋನಿಗೆ ಸಿಗದ ತಂಗಿ ಬೇಸಿಗೆಗೆ ಸಿಕ್ಕಾಳು ಎಂಬುದು ಅವಳ ನಂಬಿಕೆ. ಅದಕ್ಕೆ ಕಾರಣವಿತ್ತು. ಚಿಕ್ಕಂದಿನಲ್ಲಿ ಆ ಮನೆಯವರು ಬೇಸಿಗೆಯ ಒಂದು ಬಿಟ್ಟಿ ಕಾರ್ಯಕ್ರಮವನ್ನೂ ತಪ್ಪಿಸಿದವರಲ್ಲ. ಬಿಟ್ಟಿ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎಂದು ನೆರೆಯವರು ಆಡಿಕೊಂಡರೆ ಅಮ್ಮ, ಆಕಾಶವೂ ಬಿಟ್ಟಿಯೇ, ನೋಡೋದು ಬಿಡ್ತೀರಾ ಎಂದು ಕೇಳುತ್ತಿದ್ದಳು. ಮನೆಯ ಒಂದೇ ಕಿಟಕಿಗೆ ಹಾಕಿದ್ದ, ಬಿಳಿ ಹೂವಿನ ಹಸಿರು ಪರದೆ ಹಳತಾದಾಗ ಅದನ್ನು ಕತ್ತರಿಸಿ ಇಬ್ಬರು ಹೆಣ್ಣುಮಕ್ಕಳಿಗೂ ಒಂದೊಂದು ತುಂಡು ಕೊಟ್ಟಿದ್ದಳು, ಕುರ್ಚಿ ಹಿಡಿಯುವುದಕ್ಕೆಂದು. ಮೊದಲು ಹೋದವರು ಬಟ್ಟೆ ಹಾಸಿ ಜಾಗ ಹಿಡಿಯಬೇಕು. ಬಟ್ಟೆ ಕೂತಿದ್ದರೆ ನಾವೇ ಕೂತ ಹಾಗೆ, ಅದರ ಮೇಲೆ ಕೂತವರಿಗೆ ನಮ್ಮ ಪದ್ಯ ಪೂರ್ತಿ ಕೇಳಿಸೋ ಶಿಕ್ಷೆ ಎನ್ನುತ್ತಿದ್ದ ಅಪ್ಪ.

ಹೀಗೆ ಈ ಬೇಸಿಗೆಯೆಲ್ಲ ಹೊಲಿಗೆ ಅಕ್ಕ ಮಧ್ಯಾಹ್ನವೇ ಯಂತ್ರಕ್ಕೆ ಮುಸುಕು ಹಾಕುವಳು. ಇದೇನಕ್ಕ, ಪ್ಯಾಂಟು ಕೊಡೋದು ಬಿಟ್ಟು ಪಾರ್ಕಿಗೆ ಹೊರಟೆ ಎಂದು ಗಿರಾಕಿಗಳು ಗೊಣಗಿದರೆ, ಪ್ಯಾಂಟು ಎಲ್ಲಿಗೂ ಓಡಲ್ಲ, ಕಾಲು ಸುಮ್ಮನಿದ್ದರೆ ಸಾಕು ಎಂದು ಬೀಗ ಹಾಕುವಳು. ಎಲ್ಲರಿಗಿಂತ ಮುಂಚೆ ಹೋಗಿ ಮುಂದಿನ ಸಾಲಿನಲ್ಲಿ ಎರಡು ಕುರ್ಚಿ ಹಿಡಿಯುವಳು, ಒಂದರಲ್ಲಿ ತಾನು, ಇನ್ನೊಂದರಲ್ಲಿ ಹಸಿರು ಬಟ್ಟೆ. ಗುಬ್ಬಿಗೆ ಮುಂದಿನ ಸಾಲೇ ಆಗಬೇಕು. ಹಾಡುವವರ ಮುಖ, ನುಡಿಸುವವರ ಬೆರಳು ಕಾಣಬೇಕು. ಅಕ್ಕನಿಗೆ ಮುಂದಿನ ಸಾಲು ಶಿಕ್ಷೆ. ಧ್ವನಿವರ್ಧಕದ ಗದ್ದಲ ಅವಳ ಕಿವಿಗೆ ಗರಗಸ. ಆದರೂ ಅಲ್ಲೇ ಕೂತು, ಹತ್ತಿ ತುರುಕಿಕೊಂಡು, ಹಾಡು ಶುರುವಾಗುವವರೆಗೆ ಹಿಂದಕ್ಕೆ ತಿರುಗಿ ತಿರುಗಿ ನೋಡುವಳು. ಸೂಜಿಗೆ ನೂಲು ಪೋಣಿಸಲು ಕೊಟ್ಟ ಕನ್ನಡಕದಲ್ಲಿ ದೂರದ ಜನ ಕಾಣುವುದು ಒದ್ದೆ ಕಾಗದದ ಮೇಲಿನ ಶಾಯಿಯ ಹಾಗೆ. ಪ್ರತಿ ಸಲವೂ ಯಾರೋ ಬಂದು ಇಲ್ಲಿ ಯಾರಾದರೂ ಇದ್ದಾರಾ ಎಂದು ಕೇಳುವರು. ಬರ್ತಾರೆ ಎನ್ನುವಳು. ಕಾರ್ಯಕ್ರಮ ಮುಗಿದು ಜನವೆಲ್ಲ ಕರಗಿದ ಮೇಲೆ ಬಟ್ಟೆ ಕೊಡವಿ ಮಡಿಸುವಳು. ಯಾರೂ ಕೂರದ ಕುರ್ಚಿಯ ಬಟ್ಟೆಗೆ ಧೂಳೆಲ್ಲಿಯದು? ಆದರೂ ಕೊಡವುವಳು.

ಬೇಸಿಗೆಯ ಕಡೆಯ ಸಂಜೆ ಉದ್ಯಾನದಲ್ಲಿ ಪದ್ಯವಾಚನ ಇತ್ತು. ಇದಕ್ಕಾದರೂ ಬಾರದೆ ಇರುತ್ತಾಳೆಯೇ ಎಂದುಕೊಂಡು ಅಕ್ಕ ಬೇಗ ಹೋದಳು. ದೇವರೇ, ಇವತ್ತು ಬಿಟ್ಟರೆ ಇನ್ನು ಬರುವ ಬೇಸಿಗೆ, ಅಲ್ಲಿಯವರೆಗೆ ಯಾರಿದ್ದಾರು ಯಾರಿಲ್ಲ ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಂಡಳು. ಜನ ತುಂಬಿದರು. ವೇದಿಕೆಯ ಮೇಲೆ ಬಿಳಿ ಗಡ್ಡದ ವಾಚಕರು ಬಂದು ಕೂತು, ಮೈಕು ಕೈಗೆ ಸಿಗದೆ ಅದರ ಜೊತೆ ಜಗಳಕ್ಕೆ ನಿಂತರು. ಪಕ್ಕದ ಕುರ್ಚಿ ಖಾಲಿ.

ಆಗ ಕುರ್ಚಿಯವನು ಬಂದ. ಉಚಿತ ಕಾರ್ಯಕ್ರಮಗಳಿಗೆಲ್ಲ ಕುರ್ಚಿ ಬಿಚ್ಚಿ ಹಾಕಿ, ಮುಗಿದ ಮೇಲೆ ಮಡಿಸಿ ಒಯ್ಯುವ ಬಾಯಾಳಿ. ಯಾವಾಗಲೂ ಮುಂದಿನ ಅರ್ಧ ಅವನ ಪಾಲು, ಹಿಂದಿನ ಅರ್ಧ ಜೊತೆಗಾರನದು. ಇವತ್ತು ಜೊತೆಗಾರನಿಗೆ ಜ್ವರ, ಅದಕ್ಕೆ ಇಡೀ ಉದ್ಯಾನ ಇವನೇ ಓಡಾಡಿ ಬೆವರುತ್ತಿದ್ದ. ಹಸಿರು ಬಟ್ಟೆ ಕಂಡು ನಿಂತ.

"ಅಮ್ಮಾ, ಈ ಬಟ್ಟೆ ಎಲ್ಲಾದ್ರೂ ಬಿಟ್ಟಿ ಹಂಚಿದ್ರಾ? ನಂಗೂ ಒಂದು ಕೊಡ್ಸಿ."

ಏಕೆ ಎಂದು ಕೇಳಿದಳು.

"ಹಿಂದುಗಡೆ ಗೇಟಿನ ಹತ್ರ, ಮರದ ಕೆಳಗೆ, ಇನ್ನೊಬ್ರೂ ಇದನ್ನೇ ಹಾಸ್ಕೊಂಡು ಕೂತಿದಾರೆ. ಹಿಟ್ಟಿನ ಕೈ. ನಾನು ಆ ಕುರ್ಚಿ ಎತ್ಕೋತೀನಿ ಅಂದ್ರೆ ನುಂಗೋ ಹಾಗೆ ನೋಡಿದ್ರು. ನಮ್ಮ ಜೊತೆಗಾರ ಹೇಳ್ತಾ ಇದ್ದ, ಬೇಸಿಗೆಯಿಡೀ ಹೀಗೇ ಅಂತೆ, ಒಂದು ಕುರ್ಚಿ ಹಿಡಿದಿಟ್ಕೊಂಡು ಗೇಟು ನೋಡ್ತಾರಂತೆ. ಯಾರೂ ಬರಲ್ಲ. ಮುಗಿಯೋಕ್ಕೆ ಮುಂಚೆ ಬಸ್ಸಿಗೆ ಓಡ್ತಾರೆ."

ಅಕ್ಕ ಕಿವಿಯ ಹತ್ತಿ ತೆಗೆದಳು. ಕೇಳಿಸದೆ ಅಲ್ಲ, ಕೇಳಿಸಿದ್ದು ಸಾಲದೆ.

ಗೇಟಿನ ಹತ್ತಿರ, ಮರದ ಕೆಳಗೆ. ಅದು ಅವಳದೇ ಜಾಗ. ಹುಡುಗಿಯಾಗಿದ್ದಾಗಿನಿಂದ ಅವಳು ಕೂರುತ್ತಿದ್ದುದು ಅಲ್ಲೇ, ಧ್ವನಿವರ್ಧಕದಿಂದ ದೂರ, ಗಾಳಿ ತಂದಷ್ಟೇ ಹಾಡು ಸಾಕು ಎಂದು. ಯಾವತ್ತೂ ತಡವಾಗಿ ಬರುತ್ತಿದ್ದವಳೂ ಅವಳೇ, ಕೈಯಲ್ಲಿನ ಹೊಲಿಗೆ ಮುಗಿಸಿ ಗೇಟಿನಿಂದ ಓಡೋಡಿ. ತಾನು ತಂಗಿಗಾಗಿ ತಂಗಿಯ ಜಾಗದಲ್ಲಿ ಕಾದಿದ್ದಳು, ತಂಗಿ ಅಕ್ಕನಿಗಾಗಿ ಅಕ್ಕನ ಜಾಗದಲ್ಲಿ. ಆ ಕಡೆ ಅವಳು ಗೇಟಿಗೆ ಕಣ್ಣು ನೆಟ್ಟಿದ್ದಾಗ ಈ ಕಡೆ ಇವಳು ಆಗಲೇ ಒಳಗೆ ಬಂದು ಕೂತಿರುತ್ತಿದ್ದಳು.

ಏಳಬೇಕು ಅನ್ನಿಸಿತು, ಏಳಲಾಗಲಿಲ್ಲ. ಆ ಕುರ್ಚಿ ಗಂಡನಿಗೋ ಏನೋ, ಕಾರ್ಖಾನೆಯ ಗೆಳತಿಗೋ ಏನೋ. ಹೋಗಿ ನಿಂತಾಗ ಅವಳು ಮುಖ ತಿರುಗಿಸಿಕೊಂಡರೆ? ಕಾಯುವುದಕ್ಕೆ ಒಂದು ಸುಖವಿದೆ, ಅದರಲ್ಲಿ ಇಲ್ಲ ಎನ್ನುವವರು ಇರುವುದಿಲ್ಲ. ಅಷ್ಟರಲ್ಲಿ ವಯಸ್ಸಾದ ದಂಪತಿ ಬಂದು ನಿಂತರು. ಹೆಂಗಸು ಹಸಿರು ಬಟ್ಟೆಯತ್ತ ಬೆರಳು ತೋರಿ, ಇಲ್ಲಿ ಯಾರಾದರೂ ಬರ್ತಾರಾ ಎಂದು ಕೇಳಿದಳು.

ಬೇಸಿಗೆಯೆಲ್ಲ ಒಂದೇ ಉತ್ತರ ಕೊಟ್ಟಿದ್ದವಳು ಬಟ್ಟೆ ಎತ್ತಿಕೊಂಡು ಎದ್ದಳು. ಎರಡರಲ್ಲೂ ನೀವೇ ಕೂತುಕೊಳ್ಳಿ ಎಂದಳು.

ಮೊಣಕಾಲುಗಳನ್ನು ದಾಟುತ್ತ, ಕ್ಷಮಿಸಿ ಕ್ಷಮಿಸಿ ಎನ್ನುತ್ತ, ಯಾರದೋ ನೀರಿನ ಬಾಟಲಿ ಉರುಳಿಸಿ ಬೈಸಿಕೊಂಡು ಅವಳು ಹಿಂದಕ್ಕೆ ನಡೆದಳು. ಹತ್ತಿರ ಹೋದಂತೆ ಶಾಯಿ ಗಟ್ಟಿಯಾಗಿ ಜನ ಜನವಾದರು. ಮರ ಕಂಡಿತು. ಮರದ ಕೆಳಗೆ ಮೂರು ಕುರ್ಚಿ. ಒಂದರಲ್ಲಿ ಹಸಿರು ಬಟ್ಟೆ, ಇನ್ನೊಂದರಲ್ಲಿ ಕೈಚೀಲ. ನಡುವಿನದರಲ್ಲಿ ಕೂತವಳು ಪೂರಾ ಗೇಟಿನ ಕಡೆ ತಿರುಗಿದ್ದಳು. ಕತ್ತಿನ ಹಿಂದೆ, ಕೂದಲ ಬುಡದಲ್ಲಿ, ತೊಳೆದರೂ ಹೋಗದ ಹಿಟ್ಟಿನ ಬಿಳುಪು. ಕತ್ತು ಸ್ವಲ್ಪ ಸೊರಗಿತ್ತು.

ಅಕ್ಕ ಹಿಂದೆ ಬಂದು ಬಟ್ಟೆ ಹಾಸಿದ ಕುರ್ಚಿಯ ಬೆನ್ನು ಹಿಡಿದುಕೊಂಡಳು. ಕುರ್ಚಿ ಕಿರಗುಟ್ಟಿತು.

"ಅಲ್ಲಿ ಜನ ಬರ್ತಾರೆ," ಅಂದಳು ಗುಬ್ಬಿ, ಗೇಟಿನಿಂದ ಕಣ್ಣು ತೆಗೆಯದೆ.

ಅಕ್ಕ ಕುರ್ಚಿ ಬಿಡಲಿಲ್ಲ.

"ನಮ್ಮಕ್ಕ. ಅವಳು ಯಾವಾಗ್ಲೂ ಲೇಟು."

ಮತ್ತೆ ಅದೇ ಆಯಿತು. ಅಂದು ತುಂಬಿದ ಮನೆಯಲ್ಲಿ ಬಂದು ಕೂತದ್ದೇ ಇಂದೂ ಗಂಟಲಲ್ಲಿ ಬಂದು ಕೂತಿತು. ಹೆಸರು ಹಿಡಿದು ಕರೆಯಲು ನೋಡಿದಳು, ಆಗಲಿಲ್ಲ. ಬಂದಿದ್ದೀನಿ ಎನ್ನಲು ನೋಡಿದಳು, ಅದೂ ಆಗಲಿಲ್ಲ. ವೇದಿಕೆಯ ಮೇಲೆ ಮೈಕು ಒಮ್ಮೆ ಕಿರುಚಿ ಸುಮ್ಮನಾಯಿತು. ಈಗ ಬಾಯಿ ತೆರೆಯದಿದ್ದರೆ ಇನ್ನು ತೆರೆಯುವುದೇ ಬೇಡ ಎಂದು ಅವಳಿಗೆ ಗೊತ್ತಿತ್ತು. ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದು, ಅಪ್ಪ ಹೇಳಿಕೊಟ್ಟ ಹಾಗೆ, ನಗದೆ, ಗದರದೆ, ಎಡವಿದವರನ್ನು ಎತ್ತುವಷ್ಟು ಮೆಲ್ಲಗೆ ಹೇಳಿದಳು:

"ಬಂದವನು ಒಳಗಿದ್ದ, ಹೊರಗುಳಿದವಳು ನಾನು."

ಗುಬ್ಬಿಯ ಕತ್ತು ಅಲುಗಲಿಲ್ಲ. ಸ್ವಲ್ಪ ಹೊತ್ತು ಹಾಗೇ ಗೇಟು ನೋಡುತ್ತ ಕೂತಿದ್ದಳು, ಅದು ಅಲ್ಲಿಂದಲೇ ಬಂದ ಧ್ವನಿ ಎಂಬಂತೆ. ಆಮೇಲೆ ತಿರುಗಿದಳು. ತಿರುಗಿದವಳ ಮುಖ ಒದ್ದೆ.

"ಒಂದು ಸಾಲು ಎತ್ತಿ ಕೊಡೋಕೆ ಮೂರು ಬೇಸಿಗೆ ಬೇಕಾಯ್ತೇನಕ್ಕಾ?"

"ಗಂಟಲು ಕಟ್ಟಿತ್ತು ಕಣೇ ಆವತ್ತು."

"ಹಾಗಂತ ಹೇಳಬಹುದಿತ್ತಲ್ಲ."

"ಗಂಟಲು ಕಟ್ಟಿದೆ ಅಂತ ಹೇಳೋಕೂ ಗಂಟಲು ಬೇಕಲ್ಲೇ."

ಗುಬ್ಬಿಗೆ ನಗುವೋ ಅಳುವೋ ತಿಳಿಯದ ಒಂದು ಸದ್ದು ಹೊರಟಿತು. ಹಸಿರು ಬಟ್ಟೆಯನ್ನು ತೆಗೆದು ಮಡಿಲಲ್ಲಿಟ್ಟುಕೊಂಡಳು. ಅಕ್ಕ ಕೂತಳು. ಇಷ್ಟು ದಿನ ಎಲ್ಲಿ ಕೂತಿದ್ದೆ ಎಂದು ತಂಗಿ ಕೇಳಿದ್ದಕ್ಕೆ ಮುಂದೆ, ನಿನ್ನ ಜಾಗದಲ್ಲಿ ಎಂದಳು. ಗುಬ್ಬಿ ವೇದಿಕೆಯ ಕಡೆ ನೋಡಿದಳು, ಅಕ್ಕನ ಕೈಯಲ್ಲಿದ್ದ ಹಸಿರು ತುಂಡನ್ನು ನೋಡಿದಳು, ಹಣೆ ಚಚ್ಚಿಕೊಂಡಳು. ಆ ಗದ್ದಲದಲ್ಲಿ ನಿನ್ನ ಕಿವಿ ಏನಾಗಿರಬೇಕು ಎಂದು ಬೈದಳು. ಅಕ್ಕ ಹತ್ತಿ ತೋರಿಸಿದಳು.

ವಾಚಕರು ಕಡೆಗೂ ಶುರು ಮಾಡಿದರು. ದೂರದಿಂದ, ಎಲೆಗಳ ನಡುವೆ ಸೋಸಿಕೊಂಡು ಬಂದ ಧ್ವನಿಯಲ್ಲಿ ಒಂದು ಪದ ಕೇಳಿಸಿದರೆ ಒಂದು ಗಾಳಿಗೆ ಹೋಗುತ್ತಿತ್ತು. ಹೋದದ್ದನ್ನು ಇಬ್ಬರೂ ಮನಸ್ಸಿನಲ್ಲೇ ತುಂಬಿಕೊಂಡರು. ತೀರ ಚಿಕ್ಕವರಿದ್ದಾಗ ಇದೇ ಮರದ ಕೆಳಗೆ ಅಮ್ಮ ಒಬ್ಬೊಬ್ಬರನ್ನು ಒಂದೊಂದು ಕಡೆ ಕೂರಿಸಿಕೊಂಡು, ನಿದ್ದೆ ಬಂದವರ ತಲೆಯನ್ನು ಭುಜಕ್ಕೆ ಎಳೆದುಕೊಳ್ಳುತ್ತಿದ್ದುದು ಅಕ್ಕನಿಗೆ ನೆನಪಾಯಿತು. ಗುಬ್ಬಿಗೂ ನೆನಪಾಗಿರಬೇಕು. ಅವಳು ತನ್ನ ಇನ್ನೊಂದು ಬದಿಯ ಕುರ್ಚಿಯಿಂದ ಕೈಚೀಲ ತೆಗೆದು ಕೆಳಗಿಟ್ಟಳು. ಅಕ್ಕನ ಕೈಯಲ್ಲಿದ್ದ ತುಂಡನ್ನು ಕೇಳಿ ತೆಗೆದುಕೊಂಡು, ತನ್ನದನ್ನೂ ಸೇರಿಸಿ, ಕತ್ತರಿಸಿದ ಅಂಚಿಗೆ ಅಂಚು ಕೂಡಿಸಿ ಆ ಖಾಲಿ ಕುರ್ಚಿಯ ಮೇಲೆ ಹಾಸಿದಳು. ಹೂವಿನ ಬಳ್ಳಿ ಒಂದರಿಂದ ಇನ್ನೊಂದಕ್ಕೆ ದಾಟಿತು.

ಕುರ್ಚಿ ಸಾಲದೆ ಹುಡುಕಿಕೊಂಡು ಬಂದ ಕುರ್ಚಿಯವನು ಅದರ ಬೆನ್ನಿಗೆ ಕೈ ಹಾಕಿದ. ಇಲ್ಲಿ ಯಾರಾದರೂ ಬರೋದಿದೆಯಾ ಎಂದು ಕೇಳಿದ.

ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಇಬ್ಬರ ಕಣ್ಣೂ ಗೇಟಿನ ಕಡೆ ಹೋಯಿತು.

"ಬರ್ತಾರೆ," ಅಂದಳು ಅಕ್ಕ.

ಅವನು ಬಟ್ಟೆಯನ್ನು ನೋಡಿದ, ಅವರಿಬ್ಬರನ್ನು ನೋಡಿದ, ಕೈ ತೆಗೆದು, ಬೇರೆ ಕುರ್ಚಿ ಹುಡುಕಲು ಹೋದ.