ಹಳದಿ ಅಂಗಿಯ ಹಿಂದೆ

"ಬಸ್ಸು ಬೇಡ ಅಂದ್ರೆ ಬೇಡ, ಲೂಷಿಯಸ್. ಊರು ನೋಡೋಕೆ ಹೋಗೋರು ನಡೀಬೇಕು," ಎಂದಳು ವರ್ಡೆಲ್, ಊಟದ ಮೇಜಿನ ಮೇಲೆ ಹರಡಿದ್ದ ಸವಾನ ಪಟ್ಟಣದ ನಕ್ಷೆಯನ್ನು ಅಂಗೈಯಿಂದ ಒತ್ತಿ ಹಿಡಿದು.

"ಜುಲೈ ತಿಂಗಳಲ್ಲಾ ಅಕ್ಕ? ಆ ಬಿಸಿಲಿಗೆ ಚಿಕ್ಕಮ್ಮಂದಿರು ಬಿದ್ದೇ ಹೋಗ್ತಾರೆ. ಬಸ್ಸಲ್ಲಿ ತಣ್ಣಗೆ ಕೂತ್ಕೊಂಡು ನದಿ ದಂಡೆ, ಹಳೇ ಚರ್ಚು, ಕೋಟೆ ಎಲ್ಲಾ ನೋಡ್ಬಹುದು. ನೀನು ನೋಡಿದ್ರೆ ಇರೋಬರೋ ಚೌಕಕ್ಕೆಲ್ಲ ಗುರುತು ಹಾಕಿದ್ದೀಯ. ಎಲ್ಲಾ ಒಂದೇ ಥರ. ನಾಲ್ಕು ಓಕ್ ಮರ, ನಾಲ್ಕು ಬೆಂಚು."

"ಆ ಬೆಂಚು ನೋಡೋಕೇ ನಾನು ಹೋಗ್ತಿರೋದು."

ಸ್ಟಾಲ್‌ವರ್ತ್ ಮನೆತನದವರೆಲ್ಲ ವರ್ಷಕ್ಕೊಮ್ಮೆ ಒಂದೂರಲ್ಲಿ ಸೇರುವುದು ವರ್ಡೆಲಳ ಅಜ್ಜಿಯ ಕಾಲದಿಂದ ಬಂದ ಪದ್ಧತಿ. ಈ ಸಲ ಸವಾನದಲ್ಲಿ ನಡೆಯುವ ಕೂಟದ ಯಜಮಾನಿಕೆ ಅವಳ ಚಿಕ್ಕಪ್ಪನ ಮಗ ಲೂಷಿಯಸ್‌ನದು. ಎಲ್ಲರೂ ತಿಂದುಂಡು ನಗುನಗುತ್ತ ಮನೆ ಸೇರಿದರೆ ಅವನಿಗೆ ಸಾಕು. ವರ್ಡೆಲಳಿಗೆ ಅದು ಎಲ್ಲಿ ಸಾಕು? ಅವಳ ಒಬ್ಬನೇ ಮಗ ಡಾಂಟ್ರೆಲ್ ಮನಸ್ಸು ಕದಡಿ ಮನೆ ಬಿಟ್ಟು ಏಳು ವರ್ಷವಾಗಿತ್ತು. ಹೋದ ವಸಂತದಲ್ಲಿ ಪಕ್ಕದ ಮನೆಯ ಹುಡುಗಿ ಅವನನ್ನು ಸವಾನದ ಯಾವುದೋ ಚೌಕದ ಬೆಂಚಿನ ಮೇಲೆ ಕಂಡಿದ್ದಳು. ಹೆಸರು ಹಿಡಿದು ಕೂಗಿದ್ದೇ ತಡ, ಎದ್ದು ಓಡಿದನಂತೆ.

ಆಮೇಲೆ ವರ್ಡೆಲ್ ಎರಡು ಸಲ ಹೋಗಿ, ಫೋಟೋ ಹಿಡಿದು, ಮಂಡಿ ಊದುವವರೆಗೆ ಅಲೆದು ಬರಿಗೈಲಿ ಬಂದಿದ್ದಳು. ಹುಡುಕುವವರನ್ನು ಕಂಡರೆ ಅವನು ಅಡಗುತ್ತಾನೆ. ಹಾಗಾದರೆ ಅವನೇ ನಮ್ಮನ್ನು ನೋಡಲಿ ಎಂಬ ಉಪಾಯ ಅವಳಿಗೆ ಆಗ ಹೊಳೆದದ್ದು.

ಕೂಟದ ದಿನ ಮನೆತನದವರೆಲ್ಲ ಒಂದೇ ಬಣ್ಣದ ಅಂಗಿ ತೊಡುತ್ತಾರೆ. ಬೇರೆ ಮನೆತನದವರು ವರ್ಷಕ್ಕೊಂದು ಬಣ್ಣ ಆರಿಸಿದರೂ ಸ್ಟಾಲ್‌ವರ್ತ್‌ಗಳದು ಯಾವಾಗಲೂ ಕಣ್ಣು ಕುಕ್ಕುವ ಹಳದಿ. ಡಾಂಟ್ರೆಲ್ ಚಿಕ್ಕವನಿದ್ದಾಗ ಪ್ರತಿ ಕೂಟದ ಬೆಳಿಗ್ಗೆ ಅವಳು ಅವನ ಗಲ್ಲ ಹಿಡಿದು, "ಕಳೆದುಹೋದ್ರೆ ಅಳಬೇಡ. ಹಳದಿ ಅಂಗಿ ಹುಡುಕು. ಅದರ ಹಿಂದೇನೇ ಬಾ," ಎನ್ನುತ್ತಿದ್ದಳು. ಅಟ್ಲಾಂಟಾದ ಮೃಗಾಲಯದಲ್ಲಿ ತಪ್ಪಿಸಿಕೊಂಡಾಗ ಅವನು ಹಾಗೆಯೇ ಬಂದಿದ್ದ, ದೂರದ ಯಾವನೋ ಮಾವನ ಬೆನ್ನು ಹಿಡಿದು. ಈಗಲೂ ಬಂದಾನು. ಬರದಿದ್ದರೆ ಅವಳ ಹತ್ತಿರ ಇನ್ನೊಂದು ದಾರಿಯಿರಲಿಲ್ಲ.

ಅಷ್ಟರಲ್ಲಿ ಅವಳ ತಂಗಿ ಅರ್ನೆಟ ಅಂಗಿಗಳ ಪೆಟ್ಟಿಗೆ ಹೊತ್ತು ಒಳಗೆ ಬಂದಳು. "ನಾಳೆ ಬೆಳಿಗ್ಗೆ ಹೊರಡೋದು, ಈಗ ಕೊಟ್ಟ ಆ ಅಚ್ಚಿನ ಅಂಗಡಿ ಪುಣ್ಯಾತ್ಮ," ಎಂದು ಪೆಟ್ಟಿಗೆ ಇಳಿಸಿ, ಯಾರ ಮುಖವನ್ನೂ ನೋಡದೆ, ತಣ್ಣನೆಯ ಸಿಹಿ ಚಹಾ ಬಗ್ಗಿಸಿಕೊಳ್ಳಲು ಫ್ರಿಜ್ಜಿನ ಕಡೆ ನಡೆದಳು.

ವರ್ಡೆಲ್ ಅಂಗಿಗಳನ್ನು ಒಂದೊಂದಾಗಿ ಎತ್ತಿ ನೋಡಿದಳು. "ಅವನದೆಲ್ಲೇ? ದೊಡ್ಡ ಅಳತೇದು ಒಂದು ಜಾಸ್ತಿ ಹೇಳಿದ್ನಲ್ಲ?"

ಅರ್ನೆಟ ಲೋಟಕ್ಕೆ ಚಹಾ ಬಗ್ಗಿಸುತ್ತಲೇ ಇದ್ದಳು. ವರ್ಡೆಲ್ ಕೈಲಿದ್ದ ಅಂಗಿಯನ್ನು ತಿರುಗಿಸಿದಳು. ತೀರಿಕೊಂಡವರ ಹೆಸರನ್ನು ಬೆನ್ನಿಗೆ ಅಚ್ಚು ಹಾಕಿಸುವುದೂ ಪದ್ಧತಿಯೇ. ಅಜ್ಜಿ, ಅಪ್ಪ, ಅವಳ ಗಂಡ. ಎಲ್ಲರ ಕೆಳಗೆ, ಡಾಂಟ್ರೆಲ್.

"ಯಾರು ಮಾಡಿದ್ದು ಇದನ್ನ?"

"ನಾನೇ ಅಕ್ಕ," ಎಂದಳು ಅರ್ನೆಟ ಮೆಲ್ಲಗೆ. "ಏಳು ವರ್ಷ ಆಯ್ತು. ಆ ಹುಡುಗಿ ಯಾರನ್ನ ನೋಡಿದ್ಲೋ ಏನೋ. ನಿನಗೂ ಒಂದು ನೆಮ್ಮದಿ ಬೇಕಲ್ವಾ? ಎಲ್ಲರನ್ನೂ ಕೇಳಿಯೇ ಮಾಡಿಸ್ದೆ."

"ಎಲ್ಲರನ್ನೂ! ಹೆತ್ತವಳನ್ನ ಬಿಟ್ಟು."

ಲೂಷಿಯಸ್ ನಕ್ಷೆಯಲ್ಲಿ ಮುಖ ಹುದುಗಿಸಿದ. ಅವನಿಗೂ ಗೊತ್ತಿತ್ತು.

"ಹಳದಿ ಅಂಗಿ ಹಿಂದೇನೇ ಬಾ ಅಂತ ಹೇಳ್ಕೊಟ್ಟಿದ್ದೀನಿ ಕಣೇ ಅವನಿಗೆ! ಹಿಂದೆ ಬರೋನಿಗೆ ಕಾಣೋದೇನು? ಬೆನ್ನು!" ವರ್ಡೆಲಳ ದನಿ ಒಡೆಯಿತು. "ಸತ್ತೋರ ಜೊತೆ ತನ್ನ ಹೆಸರು ಓದ್ತಾನೆ. ನಮ್ಮೋರೇ ನನ್ನ ಹೂತು ಬಂದ್ರು ಅಂತ ತಿರುಗಿ ಹೋಗ್ತಾನೆ. ಆಮೇಲೆ ಎಲ್ಲಿ ಹುಡುಕ್ಲಿ?"

"ಹೊಸದು ಮಾಡಿಸೋಕೆ ಹೊತ್ತಿಲ್ಲ," ಎಂದ ಲೂಷಿಯಸ್ ತಡವರಿಸುತ್ತ. "ಈ ಸಲ ಅಂಗಿ ಬಿಟ್ಬಿಡೋಣ ಅಕ್ಕ."

"ಹಳದಿ ಇಲ್ದಿದ್ರೆ ನಮ್ಮನ್ನ ಹೇಗೆ ಗುರುತಿಸ್ತಾನೋ?"

ಅವಳು ನಕ್ಷೆಯ ಮೇಲೆ ತಲೆಯಿಟ್ಟು ಅತ್ತಳು. ಸಮಾಧಾನ ಹೇಳುವ ಮುಖ ಇಬ್ಬರಿಗೂ ಇರಲಿಲ್ಲ. ಅತ್ತು ಸಾಕಾದ ಮೇಲೆ ಮೂಗು ಒರೆಸಿಕೊಂಡು, ಒಂದು ಅಂಗಿ ಎಳೆದು, ಒಳಮೈ ಹೊರಗೆ ಮಾಡಿ ಮಡಿಸಿಟ್ಟಳು. ಇನ್ನೊಂದನ್ನು ಎಳೆದಳು. ಸ್ವಲ್ಪ ಹೊತ್ತಿಗೆ ಅರ್ನೆಟಳೂ ಪಕ್ಕದಲ್ಲಿ ಕೂತು ತೋಳುಗಳನ್ನು ತಿರುಗಿಸತೊಡಗಿದಳು.

"ಬಿಸಿಲಲ್ಲಿ ಅಕ್ಷರ ಕಾಣುತ್ತೆ ಅಕ್ಕ, ಉಲ್ಟಾ," ಎಂದಳು ಅಂಜುತ್ತ. "ತೀರಾ ಹತ್ತಿರ ಬಂದ್ರೆ ಓದ್ಬಹುದು."

"ಅಷ್ಟು ಹತ್ತಿರ ಬರ್ಲಿ. ಆಮೇಲೆ ನಾನಿದ್ದೀನಿ."

ಲೂಷಿಯಸ್ ರಾಶಿಯಲ್ಲಿ ಕೆದಕಿ ಎಲ್ಲಕ್ಕಿಂತ ದೊಡ್ಡ ಅಂಗಿಯನ್ನು ಹೊರತೆಗೆದ. ಅದು ಅವನದೇ. "ಇದು ಅವನಿಗಿರ್ಲಿ," ಎಂದು ವರ್ಡೆಲಳ ಮುಂದಿಟ್ಟ. "ನಾನು ಹಳದಿ ಟವೆಲ್ಲು ಹೊದ್ಕೊಂಡು ನಡೀತೀನಿ, ಬಿಡು."

ವರ್ಡೆಲ್ ಅದನ್ನೂ ಒಳಮೈ ಹೊರಗೆ ಮಾಡಿದಳು. ಮಡಿಸಲಿಲ್ಲ. ಎದುರಿನ ಕುರ್ಚಿಯ ಬೆನ್ನಿಗೆ ತೊಡಿಸಿ, ಭುಜದ ಮೇಲಿನ ಸುಕ್ಕನ್ನು ಅಂಗೈಯಿಂದ ತೀಡಿದಳು.