ಕಿಟಕಿ ಪಕ್ಕದ ಸೀಟು

ಕಟಕಟ, ಮತ್ತೆ ಕಟಕಟ — ಊಟದ ಹಲಗೆಯ ಚಿಲಕವಿರಬೇಕು, ಅಷ್ಟೇ, ಮೋಡದೊಳಗೆ ನುಗ್ಗಿದಾಗ ಇಷ್ಟು ಅಲುಗಾಟ ಇದ್ದದ್ದೇ, ಅವಳಿಗೆ ಗೊತ್ತಿಲ್ಲದ್ದೇನು, ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಇಂಥವೇ ವಿಮಾನಗಳ ಮೈ ತಡವಿ ತಪ್ಪು ಹುಡುಕಿದವಳು, ಆದರೂ ಕಿವಿ ಅತ್ತಲೇ ನೆಟ್ಟಿದೆ, ಅಪ್ಪ ಮಾತ್ರ ಕಿಟಕಿ ಪಕ್ಕದಲ್ಲಿ ಗೋಡೆಗೆ ಅಂಗೈಯೂರಿ ಹಾಯಾಗಿ ಕೂತಿದ್ದಾನೆ, ಏಣಿ ಹತ್ತಲೂ ಇನ್ನೊಬ್ಬರು ಹಿಡಿಯಬೇಕು ಅವನಿಗೆ, ಅಕ್ಕನ ಮಗು ನೋಡೋಕೆ ರೈಲಲ್ಲೇ ಹೋಗೋಣ ಬಿಡೇ ಅಂದಿದ್ದ, ನಾನು ನೋಡಿ ಕಳಿಸೋ ವಿಮಾನ ಅಪ್ಪ, ನನ್ನ ಮೇಲೂ ನಂಬಿಕೆ ಇಲ್ವಾ ಅಂತ ಹತ್ತಿಸಿದವಳು ಅವಳೇ, ಈಗ ಪಕ್ಕದ ಸಾಲಿನ ಹೆಂಗಸಿಗೆ ಧೈರ್ಯ ಹೇಳುತ್ತಿದ್ದಾನೆ, ಹೆದರ್ಕೋಬೇಡಿ ತಾಯಿ, ಇದು ನನ್ನ ಮಗಳು ಮಾಡಿದ್ದು — ಒಬ್ಬಳೇ ಕೂತು ಹೆಣೆದು ಮುಗಿಸೋಕೆ ವಿಮಾನವೇನು ಸ್ವೆಟರೇ — ಆ ಹೆಂಗಸು ನಕ್ಕಳು, ಅವುಚಿಕೊಂಡಿದ್ದ ಮಗುವನ್ನು ಸ್ವಲ್ಪ ಸಡಿಲಬಿಟ್ಟಳು, ಅಯ್ಯೋ, ನಂಬಿಬಿಟ್ಟಳು, ಎಷ್ಟು ಸುಲಭಕ್ಕೆ ನಂಬುತ್ತಾರೆ ಜನ, ಗೋಡೆಯಾಚೆ ಏನೂ ಇಲ್ಲವೆಂಬುದನ್ನು ಮರೆತು ಬೂಟು ಕಳಚಿ ಕಾಲು ಚಾಚುತ್ತಾರೆ, ಕಾರ್ಖಾನೆಯಲ್ಲಿ ಅವಳು ಬೇಡವೆಂದಿದ್ದ ಆ ತಗಡಿಗೂ ಈಗ ಯಾರೋ ತಲೆಯಾನಿಸಿ ಮಲಗಿರಬಹುದು, ಅದನ್ನು ಬಿಗಿಯುವ ರಿವೆಟ್ ಮೊಳೆ ಕೂರುವ ತೂತು ಗುಂಡಗಿರದೆ ಮೊಟ್ಟೆಯ ಹಾಗೆ ಎಳೆದುಕೊಂಡಿತ್ತು, ಉಗುರಾಡಿಸಿದರೆ ಸಿಕ್ಕಿಕೊಳ್ಳುತ್ತಿತ್ತು, ತಪ್ಪಿದೆಯೆಂದು ಕೆಂಪು ಸುತ್ತು ಹಾಕಿ ನಿಲ್ಲಿಸಿದ್ದಳು, ಮಾರನೆಯ ಬೆಳಗ್ಗೆ ಸುತ್ತೂ ಇಲ್ಲ ತಗಡೂ ಇಲ್ಲ, ಬಣ್ಣ ಬಳಿದು ಸಾಗಹಾಕಿದ್ದರು, ಅಷ್ಟಕ್ಕೆಲ್ಲ ವಿಮಾನ ಬೀಳಲ್ಲಮ್ಮ, ಮೊಸರಲ್ಲಿ ಕಲ್ಲು ಹುಡುಕಬೇಡ ಅಂದ ಮೇಲ್ವಿಚಾರಕ, ಅವನ ಮೇಲಿನವರ ಬಾಗಿಲನ್ನೂ ತಟ್ಟಿದಳು, ನೋಡೋಣ ಅಂದರು, ನೋಡಲಿಲ್ಲ, ಹೋದ ತಿಂಗಳು ಎಲ್ಲೋ ಇದೇ ಮಾದರಿಯ ವಿಮಾನದ ತಗಡೊಂದು ಆಕಾಶದಲ್ಲೇ ಕಿತ್ತುಹೋಯಿತು, ಸದ್ಯ, ಯಾರೂ ಸಾಯಲಿಲ್ಲ, ಈಗ ತನಿಖೆಯವರು ಅವಳನ್ನೂ ಕರೆದಿದ್ದಾರೆ, ವಿಮಾನ ಹತ್ತುವಾಗಲೇ ಮೇಲ್ವಿಚಾರಕನ ಫೋನು, ಎಲ್ಲಾ ಸರಿಯಿತ್ತು ಅಂದ್ಬಿಡು, ಉಂಡ ಮನೆಗೆ ಎರಡು ಬಗೀಬೇಡ, ಅವಳು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ — ಅಪ್ಪ ಇತ್ತ ತಿರುಗುತ್ತಾನೆ, ಯಾಕೇ ಹೀಗೆ ಬೆವರ್ತಿದೀಯ, ನಿನ್ನ ಕೈ ದಾಟಿ ಬಂದಿದ್ದು ತಾನೇ ಇದು, ಇಲ್ಲಪ್ಪ, ಬಾಯಿಗೆ ಬಂದೇಬಿಟ್ಟಿತು, ಎಲ್ಲಾ ಹಾಗೆ ಬರಲ್ಲ, ಕೆಲವನ್ನ ನಾನು ಬೇಡ ಅಂದ್ರೂ ಕಳಿಸಿಬಿಡ್ತಾರೆ, ಇದು ಅಂಥದ್ದೋ ಅಲ್ವೋ ನನಗೂ ಗೊತ್ತಿಲ್ಲ — ಈಗ ಬಯ್ಯುತ್ತಾನೆ, ಇಳಿಸು ನನ್ನ ಅನ್ನುತ್ತಾನೆ, ಅನ್ನಲಿಲ್ಲ, ಆ ಹೆಂಗಸಿನತ್ತ ಒಮ್ಮೆ ನೋಡಿ ದನಿ ತಗ್ಗಿಸಿದ, ಇವರಿಗೆಲ್ಲ ಗೊತ್ತಾ, ಅವಳು ತಲೆಯಾಡಿಸಿದಳು, ಇಲ್ಲ, ತನಿಖೆಯವರು ಕರೆದಿದ್ದಾರಪ್ಪ, ಹೇಳ್ತೀನಿ, ಆದ್ರೆ ಕೆಲಸ ಹೋಗುತ್ತೆ, ಹೋಗ್ಲಿ ಬಿಡು, ಹೇಳು, ಅಂದ ಅಪ್ಪ, ಅಷ್ಟೇ, ಎದೆಯ ಭಾರ ಇಳಿದಂತೆ, ಇಳಿದೂ ಇಳಿಯದಂತೆ, ಮೋಡ ತೆಳುವಾಗುತ್ತಿದೆ, ಪಕ್ಕದ ಸಾಲಿನ ಮಗು ನಿದ್ದೆ ಹೋಗಿದೆ, ಆದರೆ ಅಪ್ಪನ ಕೈ, ಗೋಡೆಯಿಂದ ಯಾವಾಗ ತೆಗೆದನೋ, ಮಡಿಲಿಗೂ ತಂದಿಲ್ಲ, ಗೋಡೆಗೂ ತಾಗಿಸುತ್ತಿಲ್ಲ, ನಡುವೆ ಒಂದು ಬೆರಳಿನಷ್ಟು ಜಾಗ, ಬೇರೇನಾದರೂ ಯೋಚಿಸಬೇಕು, ಅಕ್ಕ, ಅಕ್ಕನ ಮಗು, ಏನು ಹೆಸರಿಡುತ್ತಾರೋ — ಆ ಕೈ, ಆ ಗೋಡೆ, ನಡುವೆ ಬೆರಳಿನಷ್ಟು ಜಾಗ, ಆ ಕೈ —