ಹೊಲದ ಮೂಲೆಯ ದೀಪ

ಮಸ್ಕಿ ಹತ್ತಿರದ ಆ ಹೊಲದ ಮೂಲೆಯಲ್ಲಿ ಸಂಜೆ ದೀಪ ಹಚ್ಚದೆ ಅಮರಗುಂಡಪ್ಪನ ಮನೆಯಲ್ಲಿ ಯಾರೂ ಉಣ್ಣುತ್ತಿರಲಿಲ್ಲ. "ದೀಪ ಬಿಟ್ಟರ ಅವ ಎದ್ದು ಬರ್ತಾನ" ಎಂದು ಅವನ ಸಣ್ಣಮುತ್ಯಾ, ಅಂದರೆ ಅಜ್ಜನ ತಮ್ಮ ಮಹಾಂತಪ್ಪ, ಸಾಯುವಾಗ ಹೇಳಿಹೋಗಿದ್ದ. ಅವ ಎಂದರೆ ಹೊಲದ ದೇವರು ಎಂದೇ ಎಲ್ಲರೂ ತಿಳಿದಿದ್ದರು.

ಪಂಪಿನ ಮನೆ ಕಟ್ಟಲು ಅಲ್ಲಿ ಪಾಯ ತೋಡಿದಾಗ ಜೆಸಿಬಿಯ ಹಲ್ಲಿಗೆ ತಲೆಬುರುಡೆ ತಾಗಿತು.

ಪಿಎಸ್ಐ ನಸ್ರೀನ್ ಗುಂಡಿಗಿಳಿದು ನೋಡಿದಳು. ಬುರುಡೆಯ ಹಿಂಬದಿ ಒಡೆದಿತ್ತು. ಸೊಂಟದೆಲುಬಿನ ಹತ್ತಿರ ಹಸಿರುಗಟ್ಟಿದ ಹಿತ್ತಾಳೆ ಬಿಲ್ಲೆ. ಬ್ರಿಟಿಷರ ಕಾಲದ ಬಂಗಾರದ ಗಣಿಯ ಕಾವಲುಗಾರನದು.

"ನಮ್ಮ ಮುತ್ಯಾ ಅಡಿವೆಪ್ಪಂದ್ರಿ ಅದು!" ಎಂಬತ್ತು ದಾಟಿದ ಅಮರಗುಂಡಪ್ಪ ಏದುಸಿರು ಬಿಡುತ್ತ ಗುಂಡಿಯ ಅಂಚಿಗೆ ಬಂದ. "ಬಂಗಾರ ಕದ್ದು ಬೊಂಬಾಯಿಗೆ ಓಡಿಹೋದ ಅಂತಿದ್ರು. ಇವತ್ತಿಗೂ ಸಂತ್ಯಾಗ ನಮ್ಮನ್ನ ಬಂಗಾರಗಳ್ಳರು ಅಂತಾರ. ಓಡಿಲ್ಲ ನೋಡ್ರಿ! ಆ ಗಣಿಯ ಬಿಳಿ ದೊರಿನ ಇವನ್ನ ಕೊಂದಾನ. ನಾ ಸಾಯೂದ್ರಾಗ ಅವ ಕಳ್ಳಲ್ಲ ಅಂತ ನೀವು ಬರೀಬೇಕ್ರಿ."

"ಮೊದಲ ಉಸಿರು ತಗೋರಿ" ಎಂದಳು ಹೆಂಡತಿ ಜಂಬಮ್ಮ. "ಇಲ್ಲಂದ್ರ ಮ್ಯಾಡಮ್ಮೋರು ಎರಡು ಹೆಣ ಬರಕೋಬೇಕಾದೀತು."

ನಸ್ರೀನ್ ನಗಲಿಲ್ಲ. "ಅಜ್ಜಾರ, ಗುಂಡ್ಯಾಗ ಇವರು ಕುಂತಂಗ ಅದಾರಲ್ಲ?"

"ಸತ್ತ ನಮ್ಮೋರನ್ನ ಹಂಗ ಕೂಡಿಸಿ ಮಣ್ಣು ಕೊಡ್ತೀವವ್ವ. ಎಡಗೈಯಾಗ ಲಿಂಗ, ಮಗ್ಗಲಿಗೆ ವಿಭೂತಿ."

ಅವಳು ಎಡಗೈ ಬೆರಳುಗಳ ಮಣ್ಣು ಸರಿಸಿದಳು. ಒಳಗೆ ಕಪ್ಪಗೆ ಲಿಂಗವಿತ್ತು. "ವಿಭೂತಿ ಗಟ್ಟೀನೂ ಅದಾವ. ದೊರಿಗೆ ಇಷ್ಟೆಲ್ಲ ಗೊತ್ತಿತ್ತೇನ್ರಿ?"

"ದೊರಿಗೆಲ್ಲಿ..." ಅಮರಗುಂಡಪ್ಪ ಬಗ್ಗಿ ಆ ಲಿಂಗವನ್ನೇ ನೋಡಿದ.

"ಬೊಂಬಾಯಿಗೆ ಹೋದ ಅಂತ ದೊರಿಗೆ ಹೇಳಿದೋರು ಯಾರು?"

"ಸಣ್ಣಮುತ್ಯಾ. ರಾಯಚೂರಿನಾಗ ನಾನ ರೈಲು ಹತ್ತಿಸಿ ಬಂದೀನಿ ಅಂದಿದ್ದನಂತ."

"ಆಮ್ಯಾಲೆ?"

"ಅಣ್ಣನ ನೌಕರಿ ದೊರಿ ತಮ್ಮಗ ಕೊಟ್ಟ."

ಅಮರಗುಂಡಪ್ಪ ತನ್ನ ತುಟಿ ಮುಟ್ಟಿಕೊಂಡ. ಚಿಕ್ಕವನಿದ್ದಾಗ ಅವನಿಗೆ ತುತ್ತು ಮಾಡಿ ಉಣಿಸುತ್ತಿದ್ದುದು ಮಹಾಂತಪ್ಪನ ಕೈ.

"ಕೊಂದ ಕೈನ ಇವನ್ನ ಕೂಡಿಸಿ ಮಣ್ಣು ಕೊಟ್ಟೈತಿ" ಎಂದ ಮೆಲ್ಲಗೆ. "ಬರೀರವ್ವ. ಅಡಿವೆಪ್ಪ ಕಳ್ಳಲ್ಲ. ಕೊಂದವನ ಹೆಸರೂ ಬರೀರಿ. ನಮ್ಮ ಮನಿದ ಅದು."

ಎಲುಬು ಪರೀಕ್ಷಿಸಲು ರಾಯಚೂರಿನ ಡಾಕ್ಟರು ಮರುದಿನ ಬರುವವರಿದ್ದರು. ಪೊಲೀಸರು ಗುಂಡಿಗೆ ತಾಡಪತ್ರಿ ಹೊದಿಸಿದರು. ಹೊತ್ತು ಮುಳುಗಿತು. ಜಂಬಮ್ಮ ಎಣ್ಣೆ ಬಟ್ಟಲು ಹಿಡಿದು ನಿಂತಿದ್ದಳು.

"ಹಚ್ಚಲೇನ್ರಿ?"

"ಬ್ಯಾಡ." ಅಮರಗುಂಡಪ್ಪ ಗುಂಡಿಯತ್ತ ಬಗ್ಗಿದ. "ಮುತ್ಯಾ, ಇನ್ನ ನಿನ್ನ ತಡಿಯೋರು ಯಾರಿಲ್ಲ. ಏಳು, ಮನೀಗಿ ಹೋಗೂಣು."

ಗಂಡಹೆಂಡತಿ ಇಬ್ಬರೇ ಭತ್ತದ ಗದ್ದೆಯ ಬದುವಿನ ಮೇಲೆ ಮನೆ ಕಡೆ ಹೊರಟರು. ಕಪ್ಪೆಗಳ ವಟಗುಟ್ಟುವಿಕೆ ಒಮ್ಮೆಲೇ ನಿಂತಿತು. ಹಸಿ ಮಣ್ಣಿನಲ್ಲಿ ಬರಿಗಾಲಿನ ಸಪ್ಪಳ ಹಿಂದೆಯೇ ಬರುತ್ತಿತ್ತು.

"ಹಗೂರಕ ಬಾರಬೇ, ಜಾರೀಯ" ಎಂದ ಅಮರಗುಂಡಪ್ಪ.

"ನಾ ನಿಮ್ಮ ಮುಂದ ಅದೀನಲ್ರಿ" ಎಂದಳು ಜಂಬಮ್ಮ, ಮುಂದಿನ ಕತ್ತಲೆಯಿಂದ.

ಅವನು ತಿರುಗಿ ನೋಡಲಿಲ್ಲ. ಹಿಂದಿನವನಿಗೆ ಅನುಕೂಲವಾಗಲೆಂದು ತನ್ನ ನಡಿಗೆಯನ್ನು ಸ್ವಲ್ಪ ನಿಧಾನ ಮಾಡಿದ.